ಬಯಲು ಸಂಗೀತ ಮತ್ತು ಮರದ ರಂಗಚಿಪ್ಪು

ಸಂಗೀತದ ಇತಿಹಾಸಕಾರರು ರಚನಕಾರರನ್ನು, ಗಾಯಕ-ವಾದಕರನ್ನು, ಅವರಿಗೆ ಆಶ್ರಯವಿತ್ತವರನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಆದರೆ ನಾದವನ್ನು ಕೇಳುಗನ ಕಿವಿಗೆ ಮುಟ್ಟಿಸಿದ ವಾಸ್ತುಶಿಲ್ಪಿಗಳ ಮತ್ತು ಬಡಗಿಗಳ ಕೆಲಸಕ್ಕೆ ಆ ಚರಿತ್ರೆಯಲ್ಲಿ ದೊರೆತಿರುವ ಸ್ಥಾನ ಅಲ್ಪ. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದಗಳು ಸಭಾಂಗಣವನ್ನು ಬಿಟ್ಟು ಬಯಲಿಗೆ ಬಂದಾಗ ನಡೆದ ಪ್ರಯೋಗಗಳು ಈ ದೃಷ್ಟಿಯಿಂದ ಗಮನಾರ್ಹವಾಗಿವೆ.

ಬಯಲಿನಲ್ಲಿ ನಾದಕ್ಕೆ ಗೋಡೆಯ ಆಸರೆಯಿಲ್ಲ. ದೂರ ಇಮ್ಮಡಿಯಾದಾಗಲೆಲ್ಲ ಶಬ್ದಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೇಲಕ್ಕೂ ಹಿಂದಕ್ಕೂ ಹೋದ ನಾದ ಮರಳಿ ಬರುವುದಿಲ್ಲ. ವಾದಕರಿಗೂ ಒಬ್ಬರ ವಾದನ ಇನ್ನೊಬ್ಬರಿಗೆ ಸರಿಯಾಗಿ ಕೇಳಿಸದೆ ಮೇಳದ ಹೊಂದಾಣಿಕೆ ಕೆಡುತ್ತದೆ. ಇದಕ್ಕೆ ಪರಿಹಾರವಾಗಿ ವೇದಿಕೆಯ ಹಿಂದೆ ಮತ್ತು ಮೇಲೆ ಚಿಪ್ಪಿನಂತಹ ಹೊದಿಕೆಯನ್ನು ನಿರ್ಮಿಸುವ ಪದ್ಧತಿ ಬಂದಿತು. ಹೊದಿಕೆಗೆ ತಾಗಿ ಹಿಂದಿರುಗಿದ ನಾದವು ನೇರವಾಗಿ ಬಂದ ನಾದಕ್ಕಿಂತ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ, ಎಂದರೆ ಸುಮಾರು 17 ಮೀಟರಿಗಿಂತ ಹೆಚ್ಚು ಬಳಸುದಾರಿಯಿಲ್ಲದೆ, ಕೇಳುಗನನ್ನು ಸೇರಿದರೆ ಮೂಲನಾದ ಪುಷ್ಟಿಗೊಳ್ಳುತ್ತದೆ. ತಡವಾದರೆ ಅದು ಪ್ರತಿಧ್ವನಿಯಾಗಿ ಕಿವಿಗೆ ತೊಡಕಾಗುತ್ತದೆ.

ಇಲ್ಲಿ ಮರದ ಪಾತ್ರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವೀಣೆಯ ಮರ ತಾನೇ ಕಂಪಿಸಿ ತಂತಿಯ ನಾದವನ್ನು ಹೊರಸೂಸುತ್ತದೆ. ರಂಗಚಿಪ್ಪಿನ ಮರ ಹಾಗೆ ಕಂಪಿಸಬಾರದು. ತೆಳುವಾದ ಹಲಗೆ ಅಲುಗಾಡಿ ಮಂದ್ರ ಸ್ವರಗಳನ್ನು ಹೀರಿಕೊಂಡುಬಿಡುತ್ತದೆ. ಸಾಕಷ್ಟು ದಪ್ಪವಾಗಿದ್ದು ಬಿಗಿಯಾಗಿ ಕೂಡಿಸಿದ ಹಲಗೆ ಮಾತ್ರ ಅವುಗಳನ್ನು ಮುಂದಕ್ಕೆ ಕಳುಹಿಸಬಲ್ಲದು. ಬೇಕಾದ ಕೋನಕ್ಕೆ ಕೊಯ್ದು ಜೋಡಿಸಲು, ಫಲಿತಾಂಶ ನೋಡಿ ತಿದ್ದಲು ಅನುಕೂಲವಾಗಿರುವುದು ಮರದ ಇನ್ನೊಂದು ಗುಣ.

ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್ ಬೆಟ್ಟಗಳ ನಡುವಿನ ಸಹಜ ಬೋಗುಣಿ. 1922ರಲ್ಲಿ ಅಲ್ಲಿ ಬೇಸಿಗೆಯ ಸಂಗೀತ ಕಛೇರಿಗಳು ಕ್ರಮಬದ್ಧವಾಗಿ ಆರಂಭವಾದವು. 1926ರಲ್ಲಿ ಆಸನಗಳಿಗಾಗಿ ನೆಲವನ್ನು ಅಗೆದು ಮಟ್ಟಮಾಡಿದಾಗ ತಾಣದ ಸಹಜ ಶ್ರವಣಗುಣ ಕುಗ್ಗಿತು. ಅದೇ ವರ್ಷ 'ಅಲೈಡ್ ಆರ್ಕಿಟೆಕ್ಟ್ಸ್' ನಿರ್ಮಿಸಿದ ಚಿಪ್ಪು ನೋಟಕ್ಕೂ ಹಿಡಿಸಲಿಲ್ಲ, ಶ್ರವಣಕ್ಕೂ ಹಿಡಿಸಲಿಲ್ಲ. 1927ರಲ್ಲಿ ವಾಸ್ತುಶಿಲ್ಪಿ ಲಾಯ್ಡ್ ರೈಟ್, 'ರಾಬಿನ್ ಹುಡ್' ನಿರ್ಮಾಣವೊಂದಕ್ಕೆ ಬಳಸಿ ಉಳಿದಿದ್ದ ಮರಮುಟ್ಟುಗಳಿಂದ ಪಿರಮಿಡ್ ಆಕಾರದ ಚಿಪ್ಪನ್ನು ಕಟ್ಟಿದರು. ಅದರ ಶ್ರವಣಗುಣ ವಿಶೇಷ ಪ್ರಶಂಸೆಗೆ ಪಾತ್ರವಾಯಿತು. ಆದರೆ ಅದರ ಆಕಾರ ಅತಿಯಾಗಿ ನವೀನವೆನಿಸಿದ್ದರಿಂದ ಆ ಋತುವಿನ ಕೊನೆಗೇ ಅದನ್ನು ಕೆಡವಲಾಯಿತು.

ಮರುವರ್ಷ ರೈಟ್ ಅವರಿಗೇ ಮತ್ತೊಂದು ಅವಕಾಶ ದೊರೆಯಿತು. ಈ ಬಾರಿ ಚಿಪ್ಪು ಕಮಾನಿನ ಆಕಾರದಲ್ಲಿರಬೇಕೆಂಬ ಷರತ್ತಿತ್ತು. ಒಂದರೊಳಗೊಂದು ಸೇರಿದ ಕಮಾನುಗಳು, ನಾದವನ್ನು ಹದಗೊಳಿಸಲು ಒಳಗೆ ಸರಿಸಬಹುದಾದ ಫಲಕಗಳು, ಋತು ಮುಗಿದ ಮೇಲೆ ಬಿಚ್ಚಿಡಬಹುದಾದ ಜೋಡಣೆ: ಇವು 1928ರ ಚಿಪ್ಪಿನ ವೈಶಿಷ್ಟ್ಯಗಳು. ಅದನ್ನು ಬಿಚ್ಚಿಡುವ ಕೆಲಸ ಮಾತ್ರ ನಡೆಯಲಿಲ್ಲ. ಆ ಪ್ರದೇಶದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಆ ಚಳಿಗಾಲವನ್ನು ಚಿಪ್ಪು ದಾಟಲಿಲ್ಲ.

1929ರಲ್ಲಿ ಲೋಹದ ಚೌಕಟ್ಟಿನ ಮೇಲೆ ಕಲ್ನಾರು-ಸಿಮೆಂಟಿನ ಹಾಳೆ ಹೊದಿಸಿದ ಬಿಳಿಯ ಕಮಾನಿನ ಚಿಪ್ಪು ಬಂದಿತು. ಅದರ ರೂಪ ಲೋಕಪ್ರಸಿದ್ಧವಾಯಿತು. ಶ್ರವಣಗುಣ ಮಾತ್ರ ರೈಟ್ ಅವರ ಚಿಪ್ಪುಗಳ ಮಟ್ಟವನ್ನು ಮುಟ್ಟಲಿಲ್ಲ. ಕಾಲಕ್ರಮದಲ್ಲಿ ಅದರ ದೋಷ ಎದ್ದುಕಂಡಾಗ, ಫ್ರಾಂಕ್ ಗೆಹ್ರಿ ಅವರ ವಿನ್ಯಾಸದಂತೆ 1970ರ ದಶಕದಲ್ಲಿ ರಟ್ಟಿನ ಕೊಳವೆಗಳನ್ನೂ, 1980ರ ದಶಕದಲ್ಲಿ ಫೈಬರ್‌ಗ್ಲಾಸ್ ಗೋಳಗಳನ್ನೂ ಅಳವಡಿಸಬೇಕಾಯಿತು. ಅದನ್ನು ತೆಗೆಯಲು ಹೊರಟಾಗ ಪರಂಪರೆಯ ರಕ್ಷಕರು ವಿರೋಧಿಸಿದರು. ಆದರೂ 2003ರಲ್ಲಿ ಅದು ತೆರವಾಗಿ, 2004ರಲ್ಲಿ ಹೊಸ ಚಿಪ್ಪು ನಿಂತಿತು. ಚೆನ್ನಾಗಿ ಕೇಳಿಸಿದ ಎರಡು ಚಿಪ್ಪುಗಳ ಆಯುಷ್ಯ ಒಂದೊಂದೇ ಋತು. ಚೆನ್ನಾಗಿ ಕಂಡ ಚಿಪ್ಪು ಎಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿತು.

ಮಸಾಚುಸೆಟ್ಸ್ ರಾಜ್ಯದ ಟ್ಯಾಂಗಲ್‌ವುಡ್ಡಿನ ಇತಿಹಾಸ ಇದಕ್ಕೆ ಪ್ರತಿಯಾದ ಸಾಕ್ಷ್ಯವನ್ನು ನೀಡುತ್ತದೆ. 1937ರಲ್ಲಿ ಡೇರೆಯೊಳಗೆ ನಡೆಯುತ್ತಿದ್ದ ಬಾಸ್ಟನ್ ಸಿಂಫನಿಯ ಕಛೇರಿಗೆ ಗುಡುಗುಮಳೆ ಅಡ್ಡಿಯಾದುದು ಶಾಶ್ವತ ಕಟ್ಟಡದ ಬೇಡಿಕೆಗೆ ಬಲ ನೀಡಿತು. ಎಲಿಯೆಲ್ ಸಾರಿನೆನ್ ಸಿದ್ಧಪಡಿಸಿದ ನಕ್ಷೆಯನ್ನು ಎಂಜಿನಿಯರ್ ಜೋಸೆಫ್ ಫ್ರಾಂಜ್ ಸರಳಗೊಳಿಸಿದರು. 1938ರಲ್ಲಿ ಬೀಸಣಿಗೆಯಾಕಾರದ, ಬದಿಗಳು ತೆರೆದಿರುವ, ಸುಮಾರು 5000 ಆಸನಗಳ ಚಪ್ಪರ ಸಿದ್ಧವಾಯಿತು. ವಿಶಾಲವಾದ ಆ ಚಪ್ಪರದಲ್ಲಿ ಮಾಡಿಗೆ ತಾಗಿದ ನಾದ ತಡವಾಗಿ ಕೆಳಗಿಳಿಯುತ್ತಿದ್ದುದರಿಂದ ಸ್ವರಗಳ ಸ್ಪಷ್ಟತೆ ಸಾಲದಾಗಿತ್ತು.

1959ರಲ್ಲಿ ಬೋಲ್ಟ್, ಬೆರನೆಕ್ ಮತ್ತು ನ್ಯೂಮನ್ ಸಂಸ್ಥೆಯ ಧ್ವನಿಶಾಸ್ತ್ರಜ್ಞರು ವಾದ್ಯವೃಂದದ ಮತ್ತು ಮುಂದಿನ ಸಾಲುಗಳ ಮೇಲೆ ತ್ರಿಕೋನಾಕಾರದ ಪ್ಲೈವುಡ್ ಫಲಕಗಳನ್ನು ತೂಗುಹಾಕಿಸಿದರು. ಫಲಕಗಳ ನಡುವಿನ ಸುಮಾರು ಅರ್ಧದಷ್ಟು ಜಾಗವನ್ನು ತೆರೆದೇ ಬಿಟ್ಟದ್ದು ಈ ವಿನ್ಯಾಸದ ಮರ್ಮ. ಫಲಕಗಳಿಗೆ ತಾಗಿದ ನಾದ ಬೇಗ ಕೇಳುಗರಿಗೆ ಇಳಿದು ಸ್ಪಷ್ಟತೆ ತರುತ್ತದೆ. ತೆರಪಿನಲ್ಲಿ ಮೇಲೇರಿದ ನಾದ ಮಾಡಿನಡಿಯಲ್ಲಿ ಸುಳಿದು ಅನುರಣನವನ್ನು ಉಳಿಸುತ್ತದೆ. ಚಪ್ಪರದ ಒಟ್ಟು ರೂಪವನ್ನು ಬದಲಿಸದೆ ಶ್ರವಣವನ್ನು ಸುಧಾರಿಸಿದ ಈ ಫಲಕಗಳು ಬೌಲ್‌ನ ಚಿಪ್ಪುಗಳಂತೆ ಅಲ್ಪಾಯುವಾಗಲಿಲ್ಲ.

ಎರಡೂ ಕಡೆ ಮರ ತನ್ನ ಸಾಮರ್ಥ್ಯವನ್ನು ತೋರಿತು. ಅದರ ಅಳಿವು ಉಳಿವುಗಳನ್ನು ನಿರ್ಧರಿಸಿದುದು ಮನುಷ್ಯರ ತೀರ್ಮಾನ. ಬೌಲ್‌ನಲ್ಲಿ ಕಿವಿ ಮೆಚ್ಚಿದ್ದನ್ನು ಕಣ್ಣು ತಿರಸ್ಕರಿಸಿತು. ಅನಂತರ ದೊರೆತ ಎರಡನೆಯ ಅವಕಾಶವನ್ನು ನಿರ್ವಹಣೆಯ ಲೋಪ ಕಳೆಯಿತು. ಟ್ಯಾಂಗಲ್‌ವುಡ್ಡಿನಲ್ಲಿ ಕೇಳಿ ತಿದ್ದುವ ತಾಳ್ಮೆ ಫಲಿಸಿತು. ಬಯಲು ಸಂಗೀತಕ್ಕೆ ನೆಲೆ ಕಟ್ಟುವವರು ಕಟ್ಟಡದ ನಕ್ಷೆಯೊಂದಿಗೆ ಅದನ್ನು ಕಾಯುವ ವ್ಯವಸ್ಥೆಯನ್ನೂ ರೂಪಿಸಬೇಕೆಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.