ತುರ್ತು ಪರಿಸ್ಥಿತಿ ಮತ್ತು ನಾಗರಿಕ ಸ್ವಾತಂತ್ರ್ಯ (ಭಾರತ, 1975–1977)

1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗೆ ಭಾರತದಲ್ಲಿ ಆಂತರಿಕ ಗಲಭೆಯ ಕಾರಣ ನೀಡಿ ರಾಷ್ಟ್ರೀಯ ತುರ್ತು ಪರಿಸ್ಥಿತಿಯನ್ನು ಜಾರಿಯಲ್ಲಿಡಲಾಗಿತ್ತು. ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ಸಲಹೆಯಂತೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ಸಂವಿಧಾನದ 352ನೆಯ ವಿಧಿಯ ಅನ್ವಯ ಈ ಘೋಷಣೆಯನ್ನು ಹೊರಡಿಸಿದರು. ಸುಮಾರು 21 ತಿಂಗಳ ಈ ಅವಧಿಯಲ್ಲಿ ಚುನಾಯಿತ ಸಂಸತ್ತು, ನ್ಯಾಯಾಲಯಗಳು ಮತ್ತು ಲಿಖಿತ ಸಂವಿಧಾನ ಇದ್ದಂತೆಯೇ ಉಳಿದಿದ್ದರೂ ವ್ಯಕ್ತಿಸ್ವಾತಂತ್ರ್ಯ, ವಾಕ್ ಸ್ವಾತಂತ್ರ್ಯ ಹಾಗೂ ನ್ಯಾಯಾಲಯದ ಮೊರೆ ಹೋಗುವ ಹಕ್ಕು ಬಹುಮಟ್ಟಿಗೆ ನಿಂತುಹೋದವು. ಪ್ರಜಾಪ್ರಭುತ್ವ ವ್ಯವಸ್ಥೆಯೊಂದರಲ್ಲಿ ನಾಗರಿಕ ಸ್ವಾತಂತ್ರ್ಯಗಳಿಗೆ ಎಷ್ಟರಮಟ್ಟಿನ ಮಿತಿ ಹೇರಬಹುದು, ಆರ್ಥಿಕ ಪ್ರಗತಿಯ ಹೆಸರಿನಲ್ಲಿ ಅವುಗಳನ್ನು ಬದಿಗಿಡಬಹುದೇ ಎಂಬ ಪ್ರಶ್ನೆಗಳ ಚರ್ಚೆಯಲ್ಲಿ ಈ ಅವಧಿಯು ಮುಖ್ಯ ಉದಾಹರಣೆಯಾಗಿದೆ.

ಸಾಂವಿಧಾನಿಕ ಚೌಕಟ್ಟು

ಭಾರತದ ಸಂವಿಧಾನದ ಮೂರನೆಯ ಭಾಗವು ಮೂಲಭೂತ ಹಕ್ಕುಗಳನ್ನು ನೀಡುತ್ತದೆ. ಇವು ನಿರಪೇಕ್ಷ ಹಕ್ಕುಗಳಲ್ಲ. 19ನೆಯ ವಿಧಿಯು ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಸಂಘ ಕಟ್ಟುವ ಹಕ್ಕು ಮೊದಲಾದವನ್ನು ನೀಡುವುದರ ಜೊತೆಗೆ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಸಮಂಜಸವಾದ ನಿರ್ಬಂಧಗಳನ್ನು ಹೇರಲು ರಾಜ್ಯಕ್ಕೆ ಅವಕಾಶ ಕೊಡುತ್ತದೆ. 22ನೆಯ ವಿಧಿಯು ವಿಚಾರಣೆಯಿಲ್ಲದೆ ವ್ಯಕ್ತಿಯನ್ನು ಇರಿಸಿಕೊಳ್ಳುವ ಮುನ್ನೆಚ್ಚರಿಕೆಯ ಬಂಧನವನ್ನು ಶಾಂತಿಕಾಲದಲ್ಲಿಯೂ ಒಪ್ಪುತ್ತದೆ.

ತುರ್ತು ಪರಿಸ್ಥಿತಿಯಲ್ಲಿ ಈ ಮಿತಿಗಳು ಇನ್ನಷ್ಟು ವಿಸ್ತಾರಗೊಳ್ಳುತ್ತವೆ. 358ನೆಯ ವಿಧಿಯು 19ನೆಯ ವಿಧಿಯ ರಕ್ಷಣೆಯನ್ನು ಅಮಾನತಿನಲ್ಲಿಡುತ್ತದೆ. 359ನೆಯ ವಿಧಿಯು ರಾಷ್ಟ್ರಪತಿಯ ಆದೇಶದ ಮೂಲಕ ಇತರ ಹಕ್ಕುಗಳ ಜಾರಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯುತ್ತದೆ. 1975ರಲ್ಲಿ 352ನೆಯ ವಿಧಿಯಲ್ಲಿ ಯುದ್ಧ ಮತ್ತು ಬಾಹ್ಯ ಆಕ್ರಮಣಗಳ ಜೊತೆಗೆ ‘ಆಂತರಿಕ ಗಲಭೆ’ ಎಂಬ ಪದವೂ ಇತ್ತು. ಈ ಪದಕ್ಕೆ ಸಂವಿಧಾನದಲ್ಲಿ ವ್ಯಾಖ್ಯೆ ಇರಲಿಲ್ಲ. 1971ರ ಡಿಸೆಂಬರ್ 3ರಂದು ಪಾಕಿಸ್ತಾನದೊಡನೆ ಯುದ್ಧ ಆರಂಭವಾದಾಗ ಘೋಷಿಸಿದ್ದ ತುರ್ತು ಪರಿಸ್ಥಿತಿಯನ್ನು ಆ ವೇಳೆಗೆ ಹಿಂತೆಗೆದುಕೊಂಡಿರಲಿಲ್ಲ. ಹೀಗಾಗಿ ಎರಡು ಘೋಷಣೆಗಳು ಏಕಕಾಲದಲ್ಲಿ ಜಾರಿಯಲ್ಲಿದ್ದವು.

ಹಿನ್ನೆಲೆ

1973ರ ತೈಲ ಬೆಲೆಯೇರಿಕೆ, ಬರ ಮತ್ತು ಆಹಾರದ ಕೊರತೆಗಳಿಂದ ಭಾರತದ ಅರ್ಥವ್ಯವಸ್ಥೆ ಸಂಕಷ್ಟದಲ್ಲಿತ್ತು. 1974–75ರಲ್ಲಿ ಸಗಟು ಬೆಲೆಗಳ ಏರಿಕೆಯು ಸುಮಾರು ಶೇ. 25ರಷ್ಟಿತ್ತು. ಗುಜರಾತ್ ಮತ್ತು ಬಿಹಾರಗಳಲ್ಲಿ ವಿದ್ಯಾರ್ಥಿ ಚಳವಳಿಗಳು ಬೆಳೆದು, ಬಿಹಾರದ ಚಳವಳಿಯ ನೇತೃತ್ವವನ್ನು ಜಯಪ್ರಕಾಶ ನಾರಾಯಣರು ವಹಿಸಿಕೊಂಡರು. 1974ರ ಮೇ ತಿಂಗಳಿನಲ್ಲಿ ಮಂಗಳೂರು ಮೂಲದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ನೇತೃತ್ವದಲ್ಲಿ ನಡೆದ ರೈಲ್ವೆ ಮುಷ್ಕರವನ್ನು ಸರ್ಕಾರವು ಸಾಮೂಹಿಕ ಬಂಧನಗಳಿಂದ ಹತ್ತಿಕ್ಕಿತು.

1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು, ರಾಜ್ ನಾರಾಯಣ್ ಸಲ್ಲಿಸಿದ್ದ ಅರ್ಜಿಯ ಮೇಲೆ ಇಂದಿರಾ ಗಾಂಧಿಯವರ ಲೋಕಸಭಾ ಚುನಾವಣೆಯನ್ನು ಅಸಿಂಧುವೆಂದು ಸಾರಿ, ಆರು ವರ್ಷಗಳ ಅನರ್ಹತೆಯನ್ನು ವಿಧಿಸಿದರು. ಜೂನ್ 24ರಂದು ಸರ್ವೋಚ್ಚ ನ್ಯಾಯಾಲಯದ ರಜಾಕಾಲದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಷರತ್ತುಬದ್ಧ ತಡೆಯಾಜ್ಞೆ ನೀಡಿದರು. ಮರುದಿನ ದೆಹಲಿಯ ರಾಮಲೀಲಾ ಮೈದಾನದಲ್ಲಿ ಪ್ರಧಾನಿಯ ರಾಜೀನಾಮೆಗೆ ಆಗ್ರಹಿಸಿ ಬೃಹತ್ ಸಭೆ ನಡೆಯಿತು. ಅದೇ ರಾತ್ರಿ ಘೋಷಣೆಗೆ ಸಹಿ ಬಿದ್ದಿತು. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ.

ಸ್ವಾತಂತ್ರ್ಯಗಳ ನಿರ್ಬಂಧ

ಬಂಧನಗಳು

ಜಯಪ್ರಕಾಶ ನಾರಾಯಣ, ಮೊರಾರ್ಜಿ ದೇಸಾಯಿ ಮೊದಲಾದ ವಿರೋಧಪಕ್ಷದ ನಾಯಕರನ್ನು ಜೂನ್ 26ರ ಮುಂಜಾವಿನಲ್ಲಿ ಬಂಧಿಸಲಾಯಿತು. ಬಂಧನಗಳಿಗೆ ಮುಖ್ಯವಾಗಿ ಬಳಕೆಯಾದದ್ದು 1971ರ ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ (ಮೀಸಾ). ಈ ಕಾಯ್ದೆಗೆ ತಂದ ತಿದ್ದುಪಡಿಗಳಿಂದ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಸಬೇಕಾದ ಅಗತ್ಯವೇ ಇಲ್ಲವಾಯಿತು. ನಂತರ ನೇಮಕಗೊಂಡ ಶಾ ಆಯೋಗದ ಲೆಕ್ಕದಂತೆ ಮೀಸಾ ಅಡಿಯಲ್ಲಿ 34,988 ಮಂದಿಯೂ ಭಾರತ ರಕ್ಷಣಾ ಕಾಯ್ದೆ ಮತ್ತು ನಿಯಮಗಳ ಅಡಿಯಲ್ಲಿ 75,818 ಮಂದಿಯೂ ಸೆರೆಯಾದರು. 1975ರ ಜುಲೈ 4ರಂದು ರಾಷ್ಟ್ರೀಯ ಸ್ವಯಂಸೇವಕ ಸಂಘ, ಜಮಾತೆ ಇಸ್ಲಾಮಿ, ಆನಂದಮಾರ್ಗ ಹಾಗೂ ಕೆಲವು ನಕ್ಸಲ್ ಗುಂಪುಗಳೂ ಸೇರಿದಂತೆ ಹಲವು ಸಂಘಟನೆಗಳನ್ನು ನಿಷೇಧಿಸಲಾಯಿತು.

ಪತ್ರಿಕಾ ಸ್ವಾತಂತ್ರ್ಯ

ಘೋಷಣೆಯ ರಾತ್ರಿ ದೆಹಲಿಯ ಬಹಾದೂರ್ ಷಾ ಜಫರ್ ಮಾರ್ಗದಲ್ಲಿದ್ದ ಪತ್ರಿಕಾ ಮುದ್ರಣಾಲಯಗಳ ವಿದ್ಯುತ್ತನ್ನು ಕಡಿತಗೊಳಿಸಲಾಯಿತು. ಬಳಿಕ, ಪ್ರಕಟಣೆಗೆ ಮುನ್ನವೇ ಸುದ್ದಿಯನ್ನು ಅಧಿಕಾರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮ ಬಂದಿತು. ಇದನ್ನು ಪ್ರತಿಭಟಿಸಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟವಾಯಿತು. ನಾಲ್ಕು ಸುದ್ದಿಸಂಸ್ಥೆಗಳನ್ನು ವಿಲೀನಗೊಳಿಸಿ 1976ರಲ್ಲಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯನ್ನು ರಚಿಸಲಾಯಿತು. ಪತ್ರಿಕಾ ಮಂಡಳಿಯನ್ನು ರದ್ದುಪಡಿಸಲಾಯಿತು.

ದೇಹ ಮತ್ತು ವಸತಿಯ ಮೇಲಿನ ಒತ್ತಾಯ

ಕುಟುಂಬ ಯೋಜನೆಯ ಗುರಿಗಳನ್ನು ಸಾಧಿಸಲು ಅಧಿಕಾರಿಗಳ ಮೇಲೆ ತೀವ್ರ ಒತ್ತಡವಿತ್ತು. 1976–77ರ ಒಂದೇ ವರ್ಷದಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಚಿಕಿತ್ಸೆಗಳು ನಡೆದವು. ಇವುಗಳಲ್ಲಿ ಬಹಳಷ್ಟು ಬಲವಂತದಿಂದ ನಡೆದವೆಂಬುದು ಆಯೋಗದ ವರದಿಯಿಂದ ತಿಳಿದುಬರುತ್ತದೆ. ದೆಹಲಿಯ ತುರ್ಕಮಾನ್ ಗೇಟ್ ಪ್ರದೇಶದಲ್ಲಿ 1976ರ ಏಪ್ರಿಲ್‌ನಲ್ಲಿ ಮನೆಗಳನ್ನು ಕೆಡವುವುದನ್ನು ವಿರೋಧಿಸಿದ ನಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಈ ಘಟನೆಗಳ ವರದಿಯನ್ನು ಪತ್ರಿಕೆಗಳು ಪ್ರಕಟಿಸುವಂತಿರಲಿಲ್ಲ. ಸಂತ್ರಸ್ತರಿಗೆ ನ್ಯಾಯಾಲಯದ ದಾರಿಯೂ ಸುಗಮವಾಗಿರಲಿಲ್ಲ.

ಆರ್ಥಿಕ ಸಮರ್ಥನೆ

ಸರ್ಕಾರವು ತುರ್ತು ಪರಿಸ್ಥಿತಿಯನ್ನು ಕೇವಲ ಭದ್ರತೆಯ ಕಾರಣದಿಂದಲ್ಲದೆ ಬಡವರ ಹಿತದ ದೃಷ್ಟಿಯಿಂದಲೂ ಸಮರ್ಥಿಸಿಕೊಂಡಿತು. 1975ರ ಜುಲೈ 1ರಂದು 20 ಅಂಶಗಳ ಕಾರ್ಯಕ್ರಮವನ್ನು ಪ್ರಕಟಿಸಲಾಯಿತು. ಭೂಮಿತಿಯ ಜಾರಿ, ನಿವೇಶನ ಹಂಚಿಕೆ, ಗ್ರಾಮೀಣ ಸಾಲದಿಂದ ಬಿಡುಗಡೆ, ಕಳ್ಳಸಾಗಣೆಯ ನಿಗ್ರಹ ಮೊದಲಾದವು ಇದರಲ್ಲಿದ್ದವು. ಜೀತಪದ್ಧತಿಯನ್ನು ರದ್ದುಗೊಳಿಸುವ 1976ರ ಕಾಯ್ದೆಯು ಈ ಕಾರ್ಯಕ್ರಮದ ಶಾಶ್ವತ ಫಲಗಳಲ್ಲೊಂದು.

ಬೆಲೆಯೇರಿಕೆ 1975–76ರಲ್ಲಿ ಇಳಿಯಿತು. ಇದನ್ನು ಶಿಸ್ತಿನ ಫಲವೆಂದು ಸರ್ಕಾರವು ಬಿಂಬಿಸಿತು. ಆದರೆ 1974ರಲ್ಲಿಯೇ ಕೈಗೊಂಡಿದ್ದ ಹಣದುಬ್ಬರ ನಿಯಂತ್ರಣ ಕ್ರಮಗಳು ಮತ್ತು 1975ರ ಉತ್ತಮ ಮುಂಗಾರು ಈ ಇಳಿಕೆಗೆ ಪ್ರಮುಖ ಕಾರಣಗಳೆಂದು ಅರ್ಥಶಾಸ್ತ್ರಜ್ಞರು ಗುರುತಿಸಿದ್ದಾರೆ. ಮತ್ತೊಂದೆಡೆ, ಕಾರ್ಮಿಕರ ಕನಿಷ್ಠ ಬೋನಸ್ಸನ್ನು ಶೇ. 8.33ರಿಂದ ಶೇ. 4ಕ್ಕೆ ಇಳಿಸಲಾಯಿತು. ಇದನ್ನು ಪ್ರತಿಭಟಿಸಿ ಮುಷ್ಕರ ಹೂಡುವ ಅವಕಾಶವೇ ಕಾರ್ಮಿಕರಿಗೆ ಇಲ್ಲವಾಗಿತ್ತು. ಸಂಘ ಕಟ್ಟುವ ಮತ್ತು ಮಾತನಾಡುವ ಹಕ್ಕುಗಳು ಇಲ್ಲದೆಡೆ ಆರ್ಥಿಕ ಹಕ್ಕುಗಳನ್ನು ಉಳಿಸಿಕೊಳ್ಳುವುದೂ ಕಷ್ಟ ಎಂಬುದಕ್ಕೆ ವಿಮರ್ಶಕರು ಈ ನಿದರ್ಶನವನ್ನು ನೀಡುತ್ತಾರೆ.

ಬಂದೀ ಪ್ರತ್ಯಕ್ಷೀಕರಣ ಪ್ರಕರಣ

1975ರ ಜೂನ್ 27ರಂದು ರಾಷ್ಟ್ರಪತಿಯವರು 14, 21 ಮತ್ತು 22ನೆಯ ವಿಧಿಗಳ ಜಾರಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಅಮಾನತಿನಲ್ಲಿಟ್ಟರು. ಆದರೂ ಬಂಧಿತರು ಉಚ್ಚ ನ್ಯಾಯಾಲಯಗಳಲ್ಲಿ ಬಂದೀ ಪ್ರತ್ಯಕ್ಷೀಕರಣ (ಹೇಬಿಯಸ್ ಕಾರ್ಪಸ್) ಅರ್ಜಿಗಳನ್ನು ಸಲ್ಲಿಸಿದರು. ಬಂಧನದ ಆದೇಶವು ಕಾಯ್ದೆಗೆ ಅನುಗುಣವಾಗಿದೆಯೇ ಎಂಬುದನ್ನಾದರೂ ಪರಿಶೀಲಿಸಬಹುದೆಂದು ಕರ್ನಾಟಕ, ದೆಹಲಿ, ಮಧ್ಯಪ್ರದೇಶ, ಅಲಹಾಬಾದ್ ಮುಂತಾದ ಉಚ್ಚ ನ್ಯಾಯಾಲಯಗಳು ಅಭಿಪ್ರಾಯಪಟ್ಟವು.

ಇದರ ವಿರುದ್ಧದ ಮೇಲ್ಮನವಿಗಳನ್ನು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ‘ಜಬಲ್ಪುರದ ಹೆಚ್ಚುವರಿ ಜಿಲ್ಲಾ ದಂಡಾಧಿಕಾರಿ ವಿರುದ್ಧ ಶಿವಕಾಂತ ಶುಕ್ಲ’ ಎಂಬ ಪ್ರಕರಣದಲ್ಲಿ ಒಟ್ಟಾಗಿ ಆಲಿಸಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು, ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ಕೇಳಿದಾಗ, ಸರ್ಕಾರದ ವಾದದಂತೆ ತುರ್ತು ಪರಿಸ್ಥಿತಿ ಇರುವವರೆಗೆ ಪರಿಹಾರವಿಲ್ಲವೆಂದು ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು.

1976ರ ಏಪ್ರಿಲ್ 28ರಂದು ಹೊರಬಿದ್ದ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಎ. ಎನ್. ರೇ, ನ್ಯಾಯಮೂರ್ತಿಗಳಾದ ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ್ ಮತ್ತು ಪಿ. ಎನ್. ಭಗವತಿ ಅವರು ಸರ್ಕಾರದ ವಾದವನ್ನು ಒಪ್ಪಿದರು. ಖನ್ನಾ ಅವರೊಬ್ಬರೇ ಭಿನ್ನ ತೀರ್ಪು ನೀಡಿದರು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಸಂವಿಧಾನದ ಕೊಡುಗೆ ಮಾತ್ರವಲ್ಲ, ಕಾನೂನಿನ ಆಳ್ವಿಕೆ ಇರುವ ಯಾವುದೇ ಸಮಾಜದಲ್ಲಿ ಶಾಸನದ ಆಧಾರವಿಲ್ಲದೆ ಅದನ್ನು ಕಸಿಯುವಂತಿಲ್ಲ ಎಂಬುದು ಅವರ ನಿಲುವಾಗಿತ್ತು. 1977ರ ಜನವರಿಯಲ್ಲಿ ಅವರ ಜ್ಯೇಷ್ಠತೆಯನ್ನು ಕಡೆಗಣಿಸಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿದಾಗ ಖನ್ನಾ ರಾಜೀನಾಮೆ ನೀಡಿದರು.

ಕರ್ನಾಟಕದಲ್ಲಿ

ಸಂಸದೀಯ ಸಮಿತಿಯೊಂದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಎಲ್. ಕೆ. ಆಡ್ವಾಣಿ, ಮಧು ದಂಡವತೆ ಮತ್ತು ಎಸ್. ಎನ್. ಮಿಶ್ರಾ ಅವರನ್ನು ಜೂನ್ 26ರಂದು ಅಲ್ಲಿಯೇ ಬಂಧಿಸಿ ಕೇಂದ್ರ ಕಾರಾಗೃಹದಲ್ಲಿರಿಸಲಾಯಿತು. ಇವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಬಂಧನವನ್ನು ಪ್ರಶ್ನಿಸಿದರು. ಅವರ ಪರ ವಕೀಲರಾಗಿದ್ದ ಎಂ. ರಾಮಾ ಜೋಯಿಸ್ ಅವರೂ ಮುಂದೆ ಬಂಧನಕ್ಕೊಳಗಾದರು.

‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಕಾರಾಗೃಹದಲ್ಲಿಡಲಾಯಿತು. ಆಸ್ತಮಾ ರೋಗಿಯಾಗಿದ್ದ ಅವರ ಆರೋಗ್ಯ ಸೆರೆಯಲ್ಲಿ ತೀರ ಹದಗೆಟ್ಟಿತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅವರು ನಿಧನರಾದರು. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರ ಸುಳಿವಿಗಾಗಿ ಅವರ ಸಹೋದರ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಬಂಧಿಸಿ ಹಿಂಸಿಸಲಾಯಿತು.

ಇದೇ ಕಾಲದಲ್ಲಿ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ಸರ್ಕಾರವು ಭೂಸುಧಾರಣೆಯನ್ನು ಭೂ ನ್ಯಾಯಮಂಡಳಿಗಳ ಮೂಲಕ ಜಾರಿಗೊಳಿಸುತ್ತಿತ್ತು. 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಗೆದ್ದುಕೊಂಡಿತು. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹದ ಆವರಣ ಈಗ ‘ಫ್ರೀಡಂ ಪಾರ್ಕ್’ ಆಗಿದ್ದು, ನಗರದ ಪ್ರತಿಭಟನೆಗಳ ತಾಣವಾಗಿದೆ.

ಸಂವಿಧಾನ ತಿದ್ದುಪಡಿಗಳು

ತುರ್ತು ಪರಿಸ್ಥಿತಿಯ ಅವಧಿಯಲ್ಲಿ ಸಂವಿಧಾನಕ್ಕೆ ಹಲವು ತಿದ್ದುಪಡಿಗಳಾದವು. 38ನೆಯ ತಿದ್ದುಪಡಿಯು ತುರ್ತು ಪರಿಸ್ಥಿತಿಯ ಘೋಷಣೆಯನ್ನು ನ್ಯಾಯಾಂಗದ ಪರಿಶೀಲನೆಯಿಂದ ಹೊರಗಿಟ್ಟಿತು. 39ನೆಯದು ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ವ್ಯಾಪ್ತಿಯಿಂದ ತೆಗೆದುಹಾಕಿತು. 1976ರ 42ನೆಯ ತಿದ್ದುಪಡಿಯು ಪ್ರಸ್ತಾವನೆಗೆ ‘ಸಮಾಜವಾದಿ’ ಮತ್ತು ‘ಜಾತ್ಯತೀತ’ ಪದಗಳನ್ನು ಸೇರಿಸಿತು. ರಾಜ್ಯ ನಿರ್ದೇಶಕ ತತ್ತ್ವಗಳ ಜಾರಿಗಾಗಿ ಮಾಡಿದ ಯಾವುದೇ ಕಾನೂನನ್ನು 14 ಮತ್ತು 19ನೆಯ ವಿಧಿಗಳ ಉಲ್ಲಂಘನೆಯೆಂದು ಪ್ರಶ್ನಿಸದಂತೆ ಮಾಡಿತು. ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು ಸಾರಿತು.

ಈ ಕೊನೆಯ ಅಂಶವು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಹೂಡಿದ್ದ ಪ್ರಕರಣದ 1973ರ ತೀರ್ಪಿಗೆ ವಿರುದ್ಧವಾಗಿತ್ತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂದು ಆ ತೀರ್ಪು ಹೇಳಿತ್ತು. ಬೆಂಗಳೂರಿನ ಮಿನರ್ವ ಮಿಲ್ಸ್ ರಾಷ್ಟ್ರೀಕರಣಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು 42ನೆಯ ತಿದ್ದುಪಡಿಯ ಈ ಭಾಗಗಳನ್ನು ರದ್ದುಪಡಿಸಿತು. ಮೂಲಭೂತ ಹಕ್ಕುಗಳು ಮತ್ತು ನಿರ್ದೇಶಕ ತತ್ತ್ವಗಳ ನಡುವಿನ ಸಮತೋಲನವೇ ಸಂವಿಧಾನದ ಮೂಲ ಸ್ವರೂಪದ ಅಂಗವೆಂದು ಬಹುಮತದ ತೀರ್ಪು ತಿಳಿಸಿತು. ಆರ್ಥಿಕ ಸಮಾನತೆಯ ಗುರಿ ಎಷ್ಟೇ ಯೋಗ್ಯವಾಗಿದ್ದರೂ ಅದನ್ನು ತಲುಪಲು ಸ್ವಾತಂತ್ರ್ಯವನ್ನು ಬಲಿಕೊಡುವಂತಿಲ್ಲ ಎಂಬುದು ಇದರ ತಾತ್ಪರ್ಯ.

ಅಂತ್ಯ ಮತ್ತು ಪರಿಣಾಮಗಳು

1977ರ ಜನವರಿ 18ರಂದು ಚುನಾವಣೆ ಘೋಷಣೆಯಾಯಿತು. ಮಾರ್ಚ್‌ನಲ್ಲಿ ಜನತಾ ಪಕ್ಷ ಅಧಿಕಾರಕ್ಕೆ ಬಂದು ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ. ಸಿ. ಶಾ ಅವರ ಆಯೋಗವು 1978ರಲ್ಲಿ ಮೂರು ವರದಿಗಳನ್ನು ಸಲ್ಲಿಸಿತು. ಮೀಸಾ ಕಾಯ್ದೆಯನ್ನು ಅದೇ ವರ್ಷ ರದ್ದುಪಡಿಸಲಾಯಿತು.

1978ರ 44ನೆಯ ತಿದ್ದುಪಡಿಯು ಈ ಕೆಳಗಿನ ಮುಖ್ಯ ಬದಲಾವಣೆಗಳನ್ನು ತಂದಿತು:

- ‘ಆಂತರಿಕ ಗಲಭೆ’ಯ ಬದಲಿಗೆ ‘ಸಶಸ್ತ್ರ ಬಂಡಾಯ’ ಎಂಬ ಪದವನ್ನು ಸೇರಿಸಲಾಯಿತು.
- ಘೋಷಣೆಗೆ ಸಚಿವ ಸಂಪುಟದ ಲಿಖಿತ ನಿರ್ಧಾರ ಕಡ್ಡಾಯವಾಯಿತು.
- ಒಂದು ತಿಂಗಳೊಳಗೆ ಸಂಸತ್ತಿನ ಉಭಯ ಸದನಗಳು ವಿಶೇಷ ಬಹುಮತದಿಂದ ಒಪ್ಪಬೇಕಾಯಿತು.
- 20 ಮತ್ತು 21ನೆಯ ವಿಧಿಗಳ ಜಾರಿಯನ್ನು ಯಾವ ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡದಂತೆ ಮಾಡಲಾಯಿತು.
- ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಯ ಮೂಲಕ ಸಾಂವಿಧಾನಿಕ ಹಕ್ಕಾಗಿ ಉಳಿಸಲಾಯಿತು.

1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವ್ಯಕ್ತಿಯ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾರ್ಯವಿಧಾನವು ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಹೇಳಿತು. 1976ರ ಬಹುಮತದ ತೀರ್ಪು ಸ್ಪಷ್ಟವಾಗಿ ರದ್ದಾದದ್ದು 2017ರ ಆಗಸ್ಟ್ 24ರಂದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಅರ್ಜಿದಾರರಾಗಿದ್ದ ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಅದನ್ನು ತಳ್ಳಿಹಾಕಿತು. ಹಾಗೆ ತಳ್ಳಿಹಾಕಿದವರಲ್ಲಿ, 1976ರ ಬಹುಮತದಲ್ಲಿದ್ದ ವೈ. ವಿ. ಚಂದ್ರಚೂಡ್ ಅವರ ಪುತ್ರ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರೂ ಒಬ್ಬರು.

ಉಳಿದಿರುವ ಪ್ರಶ್ನೆಗಳು

ಮೀಸಾ ರದ್ದಾದರೂ ಮುನ್ನೆಚ್ಚರಿಕೆಯ ಬಂಧನದ ಅಧಿಕಾರ ಕೊನೆಗೊಳ್ಳಲಿಲ್ಲ. 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಜಾರಿಗೆ ಬಂದಿತು. ಇಂತಹ ಬಂಧನದ ಮೇಲೆ ಹೆಚ್ಚಿನ ನಿಯಂತ್ರಣ ತರುವ 44ನೆಯ ತಿದ್ದುಪಡಿಯ ಭಾಗವು ಸಂಸತ್ತಿನ ಒಪ್ಪಿಗೆ ಪಡೆದಿದ್ದರೂ ಅದನ್ನು ಜಾರಿಗೊಳಿಸುವ ಅಧಿಸೂಚನೆ ಹೊರಬಿದ್ದಿಲ್ಲ. ಆದ್ದರಿಂದ ತುರ್ತು ಪರಿಸ್ಥಿತಿಯನ್ನು ಘೋಷಿಸುವುದು ಈಗ ಮೊದಲಿಗಿಂತ ಕಠಿಣವಾಗಿದ್ದರೂ, ಘೋಷಣೆಯಿಲ್ಲದ ಸಾಮಾನ್ಯ ಕಾಲದಲ್ಲಿ ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರಕ್ಕೆ ಯಾವ ಮಿತಿ ಇರಬೇಕೆಂಬ ಚರ್ಚೆ ಮುಂದುವರಿದಿದೆ.