ಹಬ್ಬದ ಮನೆಗೆ ಹೊಲದ ಸಿಂಗಾರ: ಕಡಿಮೆ ಖರ್ಚಿನ ತೋರಣ, ತೆನೆ, ಹೂವು

ಅಂಚೆಟ್ಟಿ: ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಸೇರಿದ ಶರದೃತು ಕೃಷ್ಣಗಿರಿ ಜಿಲ್ಲೆಯ ಈ ಬೆಟ್ಟದ ಸೀಮೆಯಲ್ಲಿ ಹೊಲ ತುಂಬಿ ನಿಲ್ಲುವ ಕಾಲ. ರಾಗಿ ತೆನೆ ಕಟ್ಟುತ್ತದೆ, ಸಾಲಿನ ನಡುವಿನ ಹುಚ್ಚೆಳ್ಳು ಹಳದಿ ಹೂ ಬಿಡುತ್ತದೆ. ನವರಾತ್ರಿ, ಆಯುಧಪೂಜೆ, ದೀಪಾವಳಿ ಬರುವುದೂ ಇದೇ ಹೊತ್ತಿಗೆ. ಮನೆಯ ಸಿಂಗಾರಕ್ಕೆ ಬೇಕಾದದ್ದೆಲ್ಲ ಹಿತ್ತಲು ಮತ್ತು ಹೊಲದಲ್ಲೇ ಸಿಗುವಾಗ ಪೇಟೆಯ ಪ್ಲಾಸ್ಟಿಕ್ ತೋರಣಕ್ಕೆ ಹಣ ಸುರಿಯಬೇಕಾಗಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು 2019ರ ಜನವರಿ 1ರಿಂದ ನಿಷೇಧಿಸಲಾಗಿದೆ. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ಕೂಡ ಸೇರಿದೆ.

ಮಾವಿನ ತೋರಣ

ಮಾವಿಗೆ ಹೆಸರಾದ ಜಿಲ್ಲೆಯಲ್ಲಿ ಎಲೆಗೆ ಬರವಿಲ್ಲ. ಎಳೆಯ ತಳಿರು ಬೇಗ ಬಾಡುವುದರಿಂದ ಬಲಿತ, ಕಡುಹಸಿರು ಎಲೆಯನ್ನೇ ಆರಿಸಿ. ಕೊಂಬೆಯ ತುದಿಯನ್ನು ಮುರಿಯಬೇಡಿ. ಮುಂದೆ ಹೂ ಬಿಡುವುದು ಆ ತುದಿಯಲ್ಲೇ. ಒಳಗಿನ ರೆಂಬೆಗಳಿಂದ ಒಂದೊಂದೇ ಎಲೆ ಕಿತ್ತರೆ ಬರುವ ವರ್ಷದ ಫಸಲಿಗೆ ತೊಂದರೆಯಿಲ್ಲ. ಮೂರು ಅಡಿ ಬಾಗಿಲಿಗೆ ನಾಲ್ಕೂವರೆ ಅಡಿ ಹುರಿ, ಹದಿನೈದರಿಂದ ಇಪ್ಪತ್ತು ಎಲೆ ಸಾಕು. ಎಲೆಯ ತೊಟ್ಟನ್ನು ಹುರಿಯ ಮೇಲೆ ಮಡಚಿ, ಎಲೆಗೇ ಚುಚ್ಚಿ ಸಿಕ್ಕಿಸಿ. ತೊಟ್ಟು ಗಿಡ್ಡವಾಗಿದ್ದರೆ ತೆಂಗಿನ ಗರಿಯ ಕಡ್ಡಿ ಚುಚ್ಚಬಹುದು.

ಚೆಂಡು ಹೂವಿನ ಸರ

ಹೊಸೂರು, ರಾಯಕೋಟೆ ಕಡೆ ಹೂ ಬೇಸಾಯ ಹೆಚ್ಚು. ಆದರೂ ಆಯುಧಪೂಜೆಯ ಹಿಂದಿನ ದಿನ ಹೂವಿನ ಬೆಲೆ ಏರುತ್ತದೆ. ಹಿತ್ತಲಲ್ಲಿ ಹತ್ತು ಗಿಡವಿದ್ದರೆ ಆ ಚಿಂತೆ ಇರದು. ನೀರಲ್ಲಿ ನೆನೆಸಿದ ಬಾಳೆ ನಾರಿನಲ್ಲಿ ಹೂ ಕಟ್ಟಿದರೆ ದಾರದ ಖರ್ಚೂ ಇಲ್ಲ, ಹಬ್ಬ ಮುಗಿದ ಮೇಲೆ ಸರವನ್ನು ಹಾಗೆಯೇ ತಿಪ್ಪೆಗೆ ಹಾಕಬಹುದು. ಗಿಡದಲ್ಲೇ ಒಣಗಿದ ಹೂವಿನ ಬೀಜ ತೆಗೆದಿಟ್ಟರೆ ಮುಂದಿನ ವರ್ಷದ ಬಿತ್ತನೆಗಾಗುತ್ತದೆ. ಹೈಬ್ರಿಡ್ ತಳಿಯ ಬೀಜದಿಂದ ಮಾತ್ರ ಅದೇ ಬಗೆಯ ಹೂವನ್ನು ನಿರೀಕ್ಷಿಸುವಂತಿಲ್ಲ.

ರಾಗಿ ತೆನೆಯ ಗೊಂಚಲು

ನವರಾತ್ರಿಗೆ ರಾಗಿ ಇನ್ನೂ ಹಸಿಯಾಗಿರುತ್ತದೆ. ಇದು ದೀಪಾವಳಿಯ ನಂತರ, ಕೊಯ್ಲಿನ ಹೊತ್ತಿಗೆ ಮಾಡುವ ಸಿಂಗಾರ. ಬಲಿತ ತೆನೆಗಳನ್ನು ಒಂದಡಿ ಕಡ್ಡಿ ಸಮೇತ ಕೊಯ್ದು, ಹತ್ತು ಹನ್ನೆರಡನ್ನು ಸೇರಿಸಿ ಗೋಣಿ ದಾರದಿಂದ ಕಟ್ಟಿ, ತಲೆಕೆಳಗಾಗಿ ನೆರಳಲ್ಲಿ ತೂಗುಹಾಕಿ. ವಾರ ಹತ್ತು ದಿನದಲ್ಲಿ ಒಣಗುತ್ತದೆ. ರಾಗಿಗೆ ಹುಳು ಬೀಳುವುದು ಕಡಿಮೆಯಾದ್ದರಿಂದ ಗೊಂಚಲು ತಿಂಗಳುಗಟ್ಟಲೆ ಉಳಿಯುತ್ತದೆ. ನಡುಮನೆಯ ತೊಲೆಗೆ ಕಟ್ಟಿದರೆ ಗುಬ್ಬಿಗೂ ಕಾಳು ಸಿಗುತ್ತದೆ.

ಗೊಂಚಲುಗಳನ್ನು ಚಕ್ರದಂತೆ ಕಟ್ಟಲು ಬಳೆ ಬೇಕಿದ್ದರೆ ಹೊಲದ ಬದುವಿನ ಲಂಟಾನ ಕಡ್ಡಿ ಬಳಸಬಹುದು. ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಬೇಕು. ಕಾವೇರಿಯ ಆಚೆ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದೇ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನೂ ಮಾಡುತ್ತಾರೆ. ಲಂಟಾನ ಎಲೆ ದನಕರುಗಳಿಗೆ ವಿಷ. ಕತ್ತರಿಸಿದ ಸೊಪ್ಪನ್ನು ಕೊಟ್ಟಿಗೆಯಿಂದ ದೂರವಿಡಿ.

ಚೊಂಬಿನಲ್ಲಿ ಹೂವು, ಅಂಗಳದಲ್ಲಿ ರಂಗೋಲಿ

ಹಿತ್ತಾಳೆ ಚೊಂಬಿಗೆ ನೀರು ತುಂಬಿ ತಂಗಡಿ ಹೂವಿನ ಕಡ್ಡಿ, ನಾಲ್ಕು ಹುಚ್ಚೆಳ್ಳು ಹೂ ಇಟ್ಟರೆ ದೇವರ ಮನೆಗೆ ಕಳೆ ಬರುತ್ತದೆ. ನೀರಲ್ಲಿ ಮುಳುಗುವ ಎಲೆಗಳನ್ನು ತೆಗೆದುಹಾಕಿ, ದಿನಾ ನೀರು ಬದಲಿಸಿ. ತೆಲಂಗಾಣದ ಬತುಕಮ್ಮ ಹಬ್ಬದಲ್ಲಿ ಜೋಡಿಸುವುದೂ ಇದೇ ತಂಗಡಿ ಹೂವನ್ನೇ. ಹುಚ್ಚೆಳ್ಳು ಕಾಳು ಕಟ್ಟುವುದಕ್ಕೆ ಜೇನ್ನೊಣ ಬೇಕು, ಜೇನಿಗೆ ಹೂ ಬೇಕು. ಹಾಗಾಗಿ ಅಂಚಿನ ಸಾಲಿನಿಂದ ಕೆಲವನ್ನು ಮಾತ್ರ ಕಿತ್ತರೆ ಒಳ್ಳೆಯದು.

ಸಗಣಿ ಸಾರಿಸಿದ ಅಂಗಳಕ್ಕೆ ಕೆಮ್ಮಣ್ಣಿನ ಅಂಚು, ಅದರೊಳಗೆ ಅಕ್ಕಿ ಹಿಟ್ಟಿನ ರಂಗೋಲಿ ಇಟ್ಟರೆ ಬಣ್ಣದ ಪುಡಿ ಕೊಳ್ಳಬೇಕಿಲ್ಲ. ಹಿಟ್ಟು ಇರುವೆಗಳಿಗೂ ಆಹಾರ.

ಕಾಡಂಚಿನ ಮನೆಗಳಿಗೆ ಎಚ್ಚರಿಕೆ

ಅಂಚೆಟ್ಟಿ ಸುತ್ತಲಿನ ಕಾಡು 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿ ಧಾಮಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಧಾಮದೊಳಗಿನ ಕಾಡುತ್ಪನ್ನವನ್ನು ಅನುಮತಿಯಿಲ್ಲದೆ ತರುವುದು ಅಪರಾಧ. ಹೂ, ಕಡ್ಡಿ, ಎಲೆ ಏನೇ ಆಗಲಿ, ಸ್ವಂತ ಹೊಲ, ಹಿತ್ತಲಿನಿಂದಲೇ ತನ್ನಿ.

ಇದಕ್ಕಿಂತ ಮುಖ್ಯವಾದದ್ದು ಆನೆ. ರಾಗಿ ಬಲಿಯುವ ಹೊತ್ತಿಗೆ ಆನೆಗಳು ಹೊಲಕ್ಕಿಳಿಯುವುದು ಈ ಭಾಗದವರಿಗೆಲ್ಲ ಗೊತ್ತು. ರಾಗಿ ತೆನೆ, ಕಬ್ಬು, ಬಾಳೆ ಕಂದು ಅವಕ್ಕೆ ಪ್ರಿಯ. ಕಾಡಂಚಿನ ಮನೆಯವರು ತೆನೆಯ ಗೊಂಚಲನ್ನು ಹೊರಬಾಗಿಲಿಗೆ ಕಟ್ಟದೆ ಒಳಗೇ ತೂಗುಹಾಕಬೇಕು. ಪೂಜೆಗೆ ನಿಲ್ಲಿಸಿದ ಬಾಳೆ ಕಂದು, ಕಬ್ಬನ್ನು ಸಂಜೆಯೊಳಗೆ ತೆಗೆಯಬೇಕು. ಅಂಗಳದಲ್ಲೂ ಮನೆ ಹಿಂದಿನ ತಿಪ್ಪೆಯಲ್ಲೂ ಅವನ್ನು ರಾತ್ರಿ ಬಿಡಬಾರದು. ಬಾಗಿಲಿಗೆ ಮಾವಿನ ತೋರಣ, ಚೆಂಡು ಹೂವಿನ ಸರ ಸಾಕು.

ಆಯುಧಪೂಜೆಯ ದಿನ ರಸ್ತೆಯಲ್ಲಿ ಒಡೆದ ಬೂದುಗುಂಬಳದ ಹೋಳುಗಳನ್ನು ತಕ್ಷಣ ಬದಿಗೆ ಸರಿಸಿ. ಅವುಗಳ ಮೇಲೆ ದ್ವಿಚಕ್ರ ವಾಹನ ಜಾರಿದರೆ ಹಬ್ಬದ ದಿನವೇ ಆಸ್ಪತ್ರೆ ಸೇರಬೇಕಾದೀತು.