ಕಿವಿಯ ಮಾತು, ಕಣ್ಣಿನ ಮಾತು: ಮೈಲಾರದ ಕಾರಣಿಕದಿಂದ ಬೀಚಿಯವರೆಗೆ

ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ ಅವರನ್ನು ಕನ್ನಡ ನಾಡು ಬೀಚಿ ಎಂದೇ ಬಲ್ಲದು. ಅವರನ್ನು ಹಾಸ್ಯ ಸಾಹಿತಿ ಎಂದು ಕರೆದು, ನಾಲ್ಕು ನಗೆಹನಿ ಹೇಳಿ ಮುಗಿಸುವುದು ನಮ್ಮಲ್ಲಿ ರೂಢಿ. ಅವರ ಮಾತಿನಾಟ ಯಾವ ನೆಲದಲ್ಲಿ ಬೇರು ಬಿಟ್ಟಿತ್ತು ಎಂಬ ಪ್ರಶ್ನೆ ಹಾಗಾಗಿ ಹಿಂದೆ ಬಿದ್ದಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ಊರುಗಳ ಸೀಮೆಯಲ್ಲಿ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ಕೇಳುವವನಿಗೆ ಬಿಡುವ ಹಳೆಯ ಅಭ್ಯಾಸವೊಂದಿದೆ. ಬೀಚಿ ಆ ಅಭ್ಯಾಸವನ್ನು ಕಿವಿಯಿಂದ ಕಣ್ಣಿಗೆ, ಅಂದರೆ ಕಟ್ಟೆಯಿಂದ ಅಚ್ಚಿಗೆ, ದಾಟಿಸಿದರು ಎಂಬುದು ಈ ಲೇಖನದ ವಾದ. ಇದನ್ನು ತೋರಿಸಲು ಬೀಚಿಯವರಿಂದ ಹೊರಡುವುದಕ್ಕಿಂತ ತುಂಗಭದ್ರೆಯ ದಂಡೆಯ ಮೈಲಾರದಿಂದ ಹೊರಡುವುದು ಸರಿ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ವ್ರತದಲ್ಲಿರುವ ಗೊರವಯ್ಯ ಡೆಂಕನಮರಡಿಯಲ್ಲಿ ನಿಲ್ಲಿಸಿದ ಎತ್ತರದ ಬಿಲ್ಲನ್ನು ಏರುತ್ತಾನೆ. ‘ಸದ್ದಲೇ’ ಎಂದು ಕೂಗಿದೊಡನೆ ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಕಾರಣಿಕ ಎಂದು ಕರೆಯುವ ಒಂದೇ ಒಂದು ವಾಕ್ಯ ನುಡಿದು ಆತ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದ ಗೊರವರು ಹಿಡಿದುಕೊಳ್ಳುತ್ತಾರೆ. ನಂಬಿದವರಿಗೆ ಇದು ದೇವವಾಣಿ, ವರ್ಷದ ಮಳೆ ಬೆಳೆಯ ಭವಿಷ್ಯ. ಆ ನಂಬಿಕೆಯನ್ನು ಅಳೆಯುವ ಉದ್ದೇಶ ನನ್ನದಲ್ಲ. ಭಾಷೆಯ ಅಭ್ಯಾಸಿಯಾಗಿ ನಾನು ನೋಡುವುದು ಆ ಒಂದು ವಾಕ್ಯದ ಕಟ್ಟನ್ನು.

2023ರ ಕಾರಣಿಕವನ್ನೇ ತೆಗೆದುಕೊಳ್ಳೋಣ: ‘ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್’. ಮೊದಲು ಕಿವಿಗೆ ಬೀಳುವುದು ಅಂಬಲಿ, ಕಂಬಳಿಗಳ ಪ್ರಾಸ. ಎರಡನೆಯ ಅಕ್ಷರದಲ್ಲಿ ಕೂಡುವ ಈ ಪ್ರಾಸ ಕನ್ನಡ ಕಾವ್ಯದ ಹಳೆಯ ಸೊತ್ತು. ಬಿಲ್ಲಿನ ಮೇಲೆ ನಿಂತ ಗೊರವಯ್ಯನಿಗೆ ಅದನ್ನು ಯಾರೂ ಛಂದಸ್ಸಿನ ಪುಸ್ತಕದಿಂದ ಕಲಿಸಿಲ್ಲ. ಎರಡೂ ವಸ್ತುಗಳು ಈ ಒಣ ಸೀಮೆಯ ದಿನನಿತ್ಯದವು: ಒಂದು ಉಣ್ಣುವುದು, ಇನ್ನೊಂದು ಹೊದೆಯುವುದು. ಕಂಬಳಿ ಗೊರವರ ಉಡುಗೆಯೂ ಹೌದು, ಕುರಿ ಕಾಯುವವರ ಹೊದಿಕೆಯೂ ಹೌದು. ಅದು ಚುನಾವಣೆಯ ವರ್ಷ. ಹಾಗಾಗಿ ಕಂಬಳಿಯನ್ನು ಕುರುಬ ಸಮುದಾಯದ ನಾಯಕತ್ವದ ಕಡೆಗೆ ತಿರುಗಿಸಿ ಓದಿದವರು ಬಹಳ. ಅಂಬಲಿ ಹಳಸುವುದನ್ನು ಬಿಸಿಲಿಗೆ, ಬರಕ್ಕೆ ಹಚ್ಚಿದರೂ ಅರ್ಥ ಕೂಡುತ್ತದೆ. ವಾಕ್ಯ ಯಾರನ್ನೂ ತಡೆಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಆಟ ಕ್ರಿಯಾಪದದಲ್ಲಿದೆ. ಕನ್ನಡದಲ್ಲಿ ‘ಹಳಸಿತು’ ಎಂದರೆ ಆಗಿಹೋದ ಸಂಗತಿ. ‘ಹಳಸೀತು’ ಎಂದರೆ ಆಗಬಹುದಾದದ್ದು, ವ್ಯಾಕರಣದವರು ಸಂಭಾವನೆ ಎನ್ನುವ ರೂಪ. ನಡುವಿನ ಅಂತರ ಒಂದು ಸ್ವರದ ಉದ್ದವಷ್ಟೇ. ಬಿಲ್ಲಿನ ತುದಿಯಿಂದ ಕೂಗಿ ಹೇಳುವಾಗ ಸ್ವರ ತಾನಾಗಿಯೇ ಹಿಗ್ಗುತ್ತದೆ. ಕೂಗಿನಲ್ಲಿ ಹಿಗ್ಗಿದ್ದು ಯಾವುದು, ವ್ಯಾಕರಣದಲ್ಲಿ ಹಿಗ್ಗಿದ್ದು ಯಾವುದು ಎಂದು ಕೆಳಗೆ ನಿಂತವನು ಬೇರ್ಪಡಿಸಲಾರ. ಆದ್ದರಿಂದ ನುಡಿದದ್ದು ನಡೆದ ಕಥೆಯೋ ನಡೆಯಬಹುದಾದ ಸೂಚನೆಯೋ ಎಂಬುದು ಕಿವಿಯ ಮಟ್ಟದಲ್ಲಿ ತೀರ್ಮಾನವಾಗುವುದೇ ಇಲ್ಲ. ಮರುದಿನದ ಪತ್ರಿಕೆಗೆ ಈ ಸೌಲಭ್ಯವಿಲ್ಲ. ಅಚ್ಚು ಮೊಳೆಗೆ ಗುಡಿಸೋ ಗುಡಿಸಿನ ದೀರ್ಘವೋ ಒಂದನ್ನು ಆರಿಸಲೇಬೇಕು. ‘ಆಯಿತಲೇ’, ‘ಆದೀತಲೇ’ ಎಂದು ಒಂದೇ ವರ್ಷದ ಕಾರಣಿಕ ಒಂದೊಂದು ವರದಿಯಲ್ಲಿ ಒಂದೊಂದು ರೂಪದಲ್ಲಿ ಅಚ್ಚಾಗುವುದಕ್ಕೆ ವರದಿಗಾರರ ಅಜಾಗ್ರತೆಯೊಂದೇ ಕಾರಣವಲ್ಲ. ಅವರು ಬರೆದುಕೊಂಡದ್ದು ವಾಕ್ಯವನ್ನಲ್ಲ, ತಮ್ಮ ವ್ಯಾಖ್ಯಾನವನ್ನು.

2024ರ ಕಾರಣಿಕ ಇನ್ನೂ ಚಿಕ್ಕದು: ‘ಸಂಪಾಯಿತಲೇ ಪರಾಕ್’. ಇಲ್ಲಿ ಕರ್ತೃಪದವೇ ಇಲ್ಲ. ಯಾವುದು ಸಂಪಾಯಿತು? ಮಳೆಯೇ, ಬೆಳೆಯೇ, ರಾಜ್ಯವೇ? ಹಿಂದಿನ ವರ್ಷದ ಬರದಿಂದ ಬಳಲಿದ್ದ ರೈತ ಆ ಖಾಲಿ ಜಾಗದಲ್ಲಿ ಮಳೆಯನ್ನು ಇಟ್ಟುಕೊಂಡ. ಅದು ಸಹಜ. ವಾಕ್ಯದ ಅರ್ಧ ಗೊರವಯ್ಯನದು, ಕರ್ತೃಪದ ರೈತನದು.

ಇನ್ನು ಆ ‘ಲೇ’. ನನ್ನ ಮಟ್ಟಿಗೆ ಕಾರಣಿಕದ ಜೀವವೇ ಅದರಲ್ಲಿದೆ. ಈ ಸೀಮೆಯಲ್ಲಿ ‘ಏನಲೇ’, ‘ಬಾರಲೇ’, ‘ಹೌದಲೇ’ ಎಂದು ಮಾತಾಡುವುದು ಸರೀಕರಲ್ಲಿ, ಗೆಳೆಯರಲ್ಲಿ. ಹಿರಿಯರಿಗೆ ಲೇ ಎಂದರೆ ಏಟು ಬಿದ್ದೀತು. ದೈವದ ನುಡಿ ಎಂದು ಲಕ್ಷ ಜನ ಕೈಮುಗಿದು ಕೇಳುವ ವಾಕ್ಯ ಗೆಳೆಯನನ್ನು ಕರೆಯುವ ಈ ಪ್ರತ್ಯಯದಲ್ಲಿ ಮುಗಿಯುತ್ತದೆ, ಅದರ ಬೆನ್ನಿಗೇ ಅರಮನೆಯ ‘ಪರಾಕ್’ ಬರುತ್ತದೆ. ಸಲಿಗೆಯೂ ಬಿರುದೂ ಹೀಗೆ ಒಂದೇ ಉಸಿರಿನಲ್ಲಿ ಕೂಡಿದ ವಾಕ್ಯಗಳು ಕನ್ನಡದಲ್ಲಿ ಅಪರೂಪ. ಕೇಳಿದವನು ಅದನ್ನು ಊರಿಗೆ ಒಯ್ದು, ತನ್ನ ಗೆಳೆಯರ ನಡುವೆ ಇಟ್ಟು, ಬಿಡಿಸಲು ಕೂರುವುದಕ್ಕೆ ಆ ಲೇ ಎಂಬುದೇ ಆಹ್ವಾನದಂತಿದೆ. ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ನುಡಿಯುವ ಕಾರಣಿಕಕ್ಕೂ ಇದೇ ಕಟ್ಟು.

ಬಿಡಿಸುವ ಆಟಕ್ಕೆ ಈ ಸೀಮೆಯಲ್ಲಿ ಇನ್ನೂ ಹಲವು ದಾರಿಗಳಿವೆ. ಒಗಟು ಎಲ್ಲೆಡೆಯೂ ಇದೆ, ಅದನ್ನು ಬೆಳೆಸುವುದಿಲ್ಲ. ಗಂಡನ ಹೆಸರನ್ನು ನೇರವಾಗಿ ಹೇಳಬಾರದ ಹೆಣ್ಣು ಮದುವೆಯ ದಿನ ಪ್ರಾಸ ಕಟ್ಟಿ, ಸುತ್ತಿ ಬಳಸಿ, ಕೊನೆಯಲ್ಲಿ ಹೆಸರನ್ನು ಬಿಚ್ಚುವ ಒಡಪಿನಲ್ಲಿ ಎಲ್ಲರಿಗೂ ಉತ್ತರ ಮೊದಲೇ ಗೊತ್ತು, ತಡಮಾಡುವುದರಲ್ಲೇ ಸುಖ. ದೊಡ್ಡಾಟದ ಸಾರಥಿಯದು ಬೇರೆ ಕೆಲಸ. ಕಿರೀಟ ಭುಜಕೀರ್ತಿ ತೊಟ್ಟ ಪಾತ್ರ ರಂಗಕ್ಕೆ ಬಂದಾಗ ‘ತಾವು ಧಾರು?’ ಎಂದು ಕೇಳುವವನು ಅವನು. ಪಾತ್ರ ಗ್ರಾಂಥಿಕದಲ್ಲಿ ಗರ್ಜಿಸಿದರೆ ಸಾರಥಿ ಊರ ಮಾತಿನಲ್ಲಿ ಅದನ್ನು ತಿರುಚಿ ಹಿಂದಿರುಗಿಸುತ್ತಾನೆ. ರಾಜನ ಒಂದು ಪದ ಸಾರಥಿಯ ಬಾಯಲ್ಲಿ ಇನ್ನೊಂದಾಗುತ್ತದೆ. ಪ್ರಶ್ನೆ ಸಾಮಾನ್ಯನದು, ಉತ್ತರ ದೊಡ್ಡವನದು, ನಗು ಮಾತ್ರ ಪ್ರಶ್ನೆ ಕೇಳಿದವನ ಪಾಲು. ಈ ಹಂಚಿಕೆಯನ್ನು ನೆನಪಿಟ್ಟುಕೊಳ್ಳಬೇಕು, ಬೀಚಿಯವರಲ್ಲಿ ಇದು ಮತ್ತೆ ಬರುತ್ತದೆ.

ಊರ ಹೆಸರುಗಳನ್ನೂ ಜನ ಬಿಟ್ಟಿಲ್ಲ. ಕೊಟ್ಟೂರನ್ನು ‘ಕೊಟ್ಟ ಊರು’ ಎಂದು ಒಡೆದರೆ ಅಲಂಕಾರಶಾಸ್ತ್ರದ ಸಭಂಗ ಶ್ಲೇಷೆ ಸಿದ್ಧ. ಹಡಗಲಿಯದು ಹೆಚ್ಚು ಕುತೂಹಲದ್ದು. ಮಲ್ಲಿಗೆಗೆ ಹೆಸರಾದ ಆ ಊರಿನಿಂದ ಹಡಗುಗಳಲ್ಲಿ ಹೂವು ತುಂಬಿ ತುಂಗಭದ್ರೆಯ ಮೇಲೆ ವಿಜಯನಗರಕ್ಕೆ ಕಳಿಸುತ್ತಿದ್ದರು, ಅದಕ್ಕೇ ಹೂವಿನಹಡಗಲಿ ಎಂದು ಹೇಳುತ್ತಾರೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಊರಿನ ಹೆಸರು ಪೂವಿನ ಪಡಂಗಿಲೆ. ಪಕಾರ ಹಕಾರವಾಗುವ ಕನ್ನಡದ ಸಾಮಾನ್ಯ ಬದಲಾವಣೆಯಲ್ಲಿ ಪಡಂಗಿಲೆ ಹಡಗಲಿಯಾಯಿತು. 1336ರಲ್ಲಿ ಕಣ್ಣು ಬಿಟ್ಟ ವಿಜಯನಗರಕ್ಕಿಂತ ಹೆಸರು ಹಳೆಯದು. ಹೀಗಿರುವಾಗ ಹಡಗಿನ ಕಥೆ ಇತಿಹಾಸವಾಗಿ ನಿಲ್ಲುವುದಿಲ್ಲ. ಆದರೆ ಅದನ್ನು ತಪ್ಪು ಎಂದು ತಳ್ಳಿಹಾಕುವ ಸಂಶೋಧಕರ ಜೊತೆ ನಾನಿಲ್ಲ. ಪಕಾರ ಹೋಗಿ ಹಕಾರ ಬಂದ ಮೇಲೆ ಕಿವಿಗೆ ‘ಹಡಗು’ ಕೇಳಿಸತೊಡಗಿತು, ಪಕ್ಕದಲ್ಲಿ ಹೊಳೆ ಹರಿಯುತ್ತಿತ್ತು, ಊರಲ್ಲಿ ಹೂವಿತ್ತು. ಕಥೆಯನ್ನು ಜನರೆಲ್ಲ ಕೂಡಿ ಕಟ್ಟಿದರು. ಒಂದು ಊರೇ ಮಾಡಿದ ಶ್ಲೇಷೆ ಅದು, ಶಾಸನದಷ್ಟೇ ಆದರದಿಂದ ದಾಖಲಾಗಬೇಕಾದದ್ದು.

ಈಗ ಬೀಚಿ. ಅವರು ಹುಟ್ಟಿದಾಗ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮನೆಯಲ್ಲಿ, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷು, ಜಿಲ್ಲೆಯ ಪೂರ್ವಕ್ಕೆ ಹೋದಂತೆ ತೆಲುಗು, ಬಳ್ಳಾರಿಯ ಬೀದಿಗಳಲ್ಲಿ ಉರ್ದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಆದವಾನಿ, ಆಲೂರು, ರಾಯದುರ್ಗಗಳು ಅತ್ತ ಹೋಗಿ, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಬೀಚಿಯವರಿಗೆ ನಲವತ್ತು ವರ್ಷ. ಮನೆತನದ ‘ರಾಯಸಂ’ ಎಂಬ ಹೆಸರೇ ಈ ಕಲಬೆರಕೆಯ ಕುರುಹು: ರಾಯಸವೆಂದರೆ ಅರಸರ ಪರವಾಗಿ ಬರೆದ ಓಲೆ, ಕೊನೆಯ ಸೊನ್ನೆ ತೆಲುಗಿನ ಕೊಡುಗೆ. ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕಿದ್ದ ಅವರು ಕನ್ನಡದ ಕಡೆಗೆ ತಿರುಗಿದ್ದು ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ. ತಡವಾಗಿ ಬಂದವರಿಗೆ ಭಾಷೆಯ ಹೊರಮೈ ಹೆಚ್ಚು ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ. ಅಕ್ಷರದ ಆಕಾರ, ಒತ್ತು, ಸೊನ್ನೆ ಇವೆಲ್ಲ ಅವರಿಗೆ ಸಾಮಗ್ರಿಯಾದವು.

ಅವರ ಕಾವ್ಯನಾಮವನ್ನು ಅವರು ಅಚ್ಚು ಮಾಡಿಸುತ್ತಿದ್ದ ರೀತಿ ನೋಡಿ. ಮೊದಲಕ್ಷರ ಕನ್ನಡ ಲಿಪಿಯ ‘ಬೀ’, ಅದಕ್ಕೆ ಅಂಟಿಕೊಂಡ ‘ಚಿ’ ಇಂಗ್ಲಿಷ್ ಲಿಪಿಯ ಮೂರು ಅಕ್ಷರ. ಓದಿ ಹೇಳಿದರೆ ಏನೂ ಗೊತ್ತಾಗುವುದಿಲ್ಲ, ‘ಬೀಚಿ’ ಅಷ್ಟೇ. ಪುಟದ ಮೇಲೆ ಕಂಡರೆ ಮಾತ್ರ ಎರಡು ಲಿಪಿಗಳು ಒಂದೇ ಹೆಸರಿನಲ್ಲಿ ಸಂಸಾರ ಹೂಡಿರುವುದು ತಿಳಿಯುತ್ತದೆ. ಅವರ ಪ್ರಸಿದ್ಧ ಪಾತ್ರದ ಹೆಸರೂ ಹಾಗೆಯೇ: ಊರವರೆಲ್ಲ ಬರೆಯುವ ‘ತಿಮ್ಮ’ ಅವರಲ್ಲಿ ‘ತಿಂಮ’. ಉಚ್ಚಾರ ಒಂದೇ. ಒತ್ತಕ್ಷರವನ್ನು ತೆಗೆದು ಸೊನ್ನೆ ಇಟ್ಟದ್ದರಿಂದ ಅವನು ಬೇರೆಯವರ ತಿಮ್ಮನಲ್ಲದೆ ಬೀಚಿಯವರ ತಿಂಮನಾದ. ಡಿ.ವಿ.ಜಿ. ಅವರ ಮಂಕುತಿಮ್ಮ 1943ರಲ್ಲಿ ಬಂದಿದ್ದ. ‘ಅಂದನಾ ತಿಂಮ’ ಬರೆದಾಗ ಆ ಹಿರಿಯನಿಗೂ ತಮ್ಮವನಿಗೂ ನಡುವೆ ಬೀಚಿ ಎಳೆದ ಗೆರೆ ಈ ಸೊನ್ನೆಯಷ್ಟು ತೆಳುವಾದದ್ದು.

ಆತ್ಮಕಥೆಯ ಹೆಸರು ‘ನನ್ನ ಭಯಾಗ್ರಫಿ’. ಬಯಾಗ್ರಫಿಯ ಬಕಾರಕ್ಕೆ ಒಂದು ಸೀಳು ಕೊಟ್ಟು ಭಯವನ್ನು ಒಳಗೆ ಸೇರಿಸಿದ್ದಾರೆ. ತಂದೆಯನ್ನು ಬೇಗ ಕಳೆದುಕೊಂಡು ಬೆಳೆದವರು ಆರಿಸಿಕೊಂಡ ಈ ಹೆಸರನ್ನು ಬರಿಯ ತಮಾಷೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಇಲ್ಲಿಯೂ ಕೆಲಸ ಮಾಡುತ್ತಿರುವುದು ಕಣ್ಣು. ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಸಡಿಲ. ಹರಪನಹಳ್ಳಿಯ ಸಂತೆಯಲ್ಲಿ ‘ಭಯ’ವೂ ‘ಬಯ’ ಎಂದೇ ಕೇಳುತ್ತದೆ. ಬಾಯಲ್ಲಿ ಹೇಳಿದರೆ ಶ್ಲೇಷೆ ಸತ್ತುಹೋಗುತ್ತದೆ, ಬರೆದರೆ ಬದುಕುತ್ತದೆ. ಕಾರಣಿಕಕ್ಕೆ ಇದು ನೇರ ತಿರುವುಮುರುವು. ಗೊರವಯ್ಯನ ದ್ವಂದ್ವಾರ್ಥ ಕೂಗಿನಲ್ಲಿದೆ, ಅಚ್ಚಿಗೆ ಬಂದೊಡನೆ ಅದು ಒಂದು ಅರ್ಥಕ್ಕೆ ಕುಗ್ಗುತ್ತದೆ. ಬೀಚಿಯವರ ದ್ವಂದ್ವಾರ್ಥ ಅಚ್ಚಿನಲ್ಲಿದೆ, ಗಟ್ಟಿಯಾಗಿ ಓದಿದೊಡನೆ ಒಂದಕ್ಕೆ ಕುಗ್ಗುತ್ತದೆ.

ಎಲ್ಲವೂ ಹೀಗಲ್ಲ. ‘ತಿಂಮಿಕ್ಷನರಿ’ ಕಿವಿಗೂ ಕಣ್ಣಿಗೂ ಒಂದೇ ರುಚಿ ಕೊಡುತ್ತದೆ. ‘ಸತೀ ಸೂಳೆ’, ‘ಸರಸ್ವತಿ ಸಂಹಾರ’ ಎಂಬ ಹೆಸರುಗಳು ಶ್ಲೇಷೆಯನ್ನು ಬಿಟ್ಟು, ಕೂಡಬಾರದ ಎರಡು ಪದಗಳನ್ನು ಕೂಡಿಸುವ ಧೈರ್ಯದ ಮೇಲೆ ನಿಂತಿವೆ. ಸಂಹಾರ ಎಂದರೆ ರಾಕ್ಷಸರದು ಎಂಬ ನಮ್ಮ ಪುರಾಣದ ನಿರೀಕ್ಷೆಯನ್ನು ಓದುಗನೇ ತಂದು ಸೇರಿಸಬೇಕು.

ಬೀಚಿಯವರ ಬರವಣಿಗೆಯಲ್ಲಿ ಈ ಸೀಮೆಯ ಗುರುತು ಎಲ್ಲಕ್ಕಿಂತ ಗಾಢವಾಗಿರುವುದು ಪ್ರಶ್ನೋತ್ತರದಲ್ಲಿ. ಮೊದಲಿನ ಅಂಕಣಗಳಲ್ಲೊಂದಕ್ಕೆ ಅವರು ಇಟ್ಟ ಹೆಸರು ‘ಬೇವಿನಕಟ್ಟೆ ತಿಂಮ’. ಬೇವಿನ ಮರದ ಕೆಳಗಿನ ಕಟ್ಟೆ ಈ ಭಾಗದ ಯಾವ ಹಳ್ಳಿಯಲ್ಲಿಲ್ಲ? ಮಳೆ, ಜೋಳದ ಧಾರಣೆ, ಬೀಗರ ಜಗಳ, ಬಸ್ಸು ಬರದೇ ಇದ್ದದ್ದು, ಯಾವುದೋ ಮಾತಿಗೆ ಯಾರೋ ಕೊಂಕು ತೆಗೆದದ್ದು, ಇವೇ ಅಲ್ಲಿನ ವಿಷಯ. ಮುಂದೆ, 1965ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆಯಲ್ಲಿ ‘ನೀವು ಕೇಳಿದಿರಿ?’ ನಡೆಸಿದಾಗ ಆ ಕಟ್ಟೆ ನಾಡಿನಷ್ಟು ಅಗಲವಾಯಿತು. ಓದುಗರು ಅಂಚೆಯಲ್ಲಿ ಪ್ರಶ್ನೆ ಕಳಿಸುವುದು, ಬೀಚಿ ಎರಡು ಮಾತಿನಲ್ಲಿ ಉತ್ತರಿಸುವುದು. ಪ್ರಶ್ನೆಯ ಪದವೊಂದನ್ನು ಹಿಡಿದು, ಅದರ ಇನ್ನೊಂದು ಮಗ್ಗುಲನ್ನು ತೋರಿಸಿ ಹಿಂದಿರುಗಿಸುವುದು ಅವರ ಪಟ್ಟು. ಸಾರಥಿಯದೇ ವಿದ್ಯೆ, ಆದರೆ ಪಾಳಿ ಬದಲಾಗಿದೆ. ದೊಡ್ಡಾಟದಲ್ಲಿ ಕೇಳುವವನು ನಗಿಸುತ್ತಾನೆ, ಇಲ್ಲಿ ಉತ್ತರಿಸುವವನು ನಗಿಸುತ್ತಾನೆ.

ಆ ಉತ್ತರಗಳ ಸಂಕಲನಕ್ಕೆ ‘ಉತ್ತರಭೂಪ’ ಎಂದು ಹೆಸರಿಟ್ಟದ್ದರ ಹಿಂದೆ ಈ ಪಾಳಿ ಬದಲಾದ ಅರಿವೂ ಇದೆ. ಇದು ಪದವನ್ನು ಒಡೆಯದೆಯೇ ಎರಡರ್ಥ ಕೊಡುವ ಅಭಂಗ ಶ್ಲೇಷೆ. ಉತ್ತರ ಹೇಳುವುದರಲ್ಲಿ ಭೂಪ ಎಂಬುದು ಒಂದು. ಹೆಂಗಳೆಯರ ಮುಂದೆ ಜಂಭ ಕೊಚ್ಚಿ ಯುದ್ಧಭೂಮಿಯಲ್ಲಿ ನಡುಗಿದ ವಿರಾಟನ ಮಗ ಉತ್ತರ ಎಂಬುದು ಇನ್ನೊಂದು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಕೇಳಿದವರಿಗೆ ಅದನ್ನು ವಿವರಿಸಬೇಕಿಲ್ಲ. ಎರಡನೆಯ ಅರ್ಥ ಗದುಗಿನ ಭಾರತ ಕೇಳಿದ, ಆಟ ನೋಡಿದ ಓದುಗನಿಗೆ ಮಾತ್ರ ದಕ್ಕುತ್ತದೆ. ಉತ್ತರ ಹೇಳುವವನ ಅಧಿಕಾರವನ್ನು ಕೊಟ್ಟ ಪದವೇ ಅದನ್ನು ಕಿತ್ತುಕೊಳ್ಳುತ್ತದೆ, ಕಿತ್ತುಕೊಳ್ಳುವ ಕೆಲಸ ಓದುಗನದಾಗುತ್ತದೆ.

ಬೀಚಿ 1980ರಲ್ಲಿ ತೀರಿಕೊಂಡರು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯ ಪಾಲಾದವು. ಇಂದು ಕಾರಣಿಕ ನುಡಿದ ಕೆಲವೇ ನಿಮಿಷಗಳಲ್ಲಿ ಅದರ ದನಿ ಕೂಡ್ಲಿಗಿಯ ಮೊಬೈಲಿಗೂ ಬೆಂಗಳೂರಿಗೆ ದುಡಿಯಲು ಹೋದವನ ಮೊಬೈಲಿಗೂ ತಲುಪುತ್ತದೆ. ಗೆಳೆಯರು ಅದನ್ನು ಅರ್ಧ ಕನ್ನಡ ಲಿಪಿಯಲ್ಲಿ, ಅರ್ಧ ಇಂಗ್ಲಿಷ್ ಲಿಪಿಯಲ್ಲಿ ಬಿಡಿಸುತ್ತಾ ಕೂರುತ್ತಾರೆ. ಬೀಚಿ ತಮ್ಮ ಹೆಸರಿನಲ್ಲಿ ಮಾಡಿದ್ದನ್ನು ಅವರು ಅರಿಯದೆಯೇ ಪ್ರತಿ ವಾಕ್ಯದಲ್ಲೂ ಮಾಡುತ್ತಿದ್ದಾರೆ. ಕಿವಿಯ ಶ್ಲೇಷೆಯೂ ಕಣ್ಣಿನ ಶ್ಲೇಷೆಯೂ ಒಂದೇ ಕಡೆ ಸಿಗುವ ಇಂಥ ಸಾಮಗ್ರಿ ನಮ್ಮ ಹಿಂದಿನ ಜಾನಪದ ಸಂಗ್ರಾಹಕರಿಗೆ ಒದಗಿರಲಿಲ್ಲ. ಕಾರಣಿಕಗಳನ್ನು ದಾಖಲಿಸುವವರು ವರ್ಷ ಮತ್ತು ವಾಕ್ಯ ಇವೆರಡನ್ನೇ ಬರೆದಿಟ್ಟರೆ ಸಾಲದು. ಕೂಗಿದ ದನಿಯನ್ನು ಸ್ವರದ ಉದ್ದದ ಸಮೇತ ಕಾಪಿಡಬೇಕು, ಪತ್ರಿಕೆಗಳು ಅಚ್ಚು ಮಾಡಿದ ಪಾಠಾಂತರಗಳನ್ನು ಪಕ್ಕದಲ್ಲಿಡಬೇಕು, ಆ ಸಂಜೆ ಕೊಟ್ಟೂರಿನಲ್ಲಿ ಒಬ್ಬ, ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಬ್ಬ ಕೊಟ್ಟ ಅರ್ಥಗಳನ್ನು ಅವರವರ ಮಾತಿನಲ್ಲೇ, ‘ಲೇ’ ಸಹಿತ, ಬರೆದುಕೊಳ್ಳಬೇಕು.